ಸತ್ತ ತಾರೀಖಿನ ಕಾಲಂ

ನಮ್ಮ ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ರಿಪೇರಿ ಅಕ್ಕ ಎನ್ನುತ್ತಾರೆ. ಅವಳು ಯಾವ ಯಂತ್ರವನ್ನೂ ರಿಪೇರಿ ಮಾಡುವುದಿಲ್ಲ. ರೋಗಿಗಳ ಹೆಸರು, ವಯಸ್ಸು, ಕಾಯಿಲೆ, ಫೋನ್ ನಂಬರು ಎಲ್ಲವನ್ನೂ ತುಂಬಿಟ್ಟ ಡೇಟಾಬೇಸ್ ಕೆಟ್ಟಾಗ ಸರಿಮಾಡುವುದು ಅವಳ ಕೆಲಸ. ಅದು ಕೆಡದ ದಿನವೇ ಇಲ್ಲ. ಎಕ್ಸ್‌ರೇ ಕೋಣೆಯ ಹಿಂದೆ, ಕಿಟಕಿಯಿಲ್ಲದ ರೂಮಿನಲ್ಲಿ ಅವಳದೊಂದು ಮೇಜು, ವರದಿ ತಯಾರಿಸುವ ನನ್ನದೊಂದು ಮೇಜು. ನನ್ನ ಅರ್ಧ ಆಯುಸ್ಸು ಅವಳ ತಲೆ ತಿನ್ನುವುದರಲ್ಲೇ ಕಳೆದಿದೆ.

ಹೊರಗಿನವರಿಗೆ ಈ ಕೆಲಸದ ಗೋಳು ತಿಳಿಯುವುದಿಲ್ಲ. ಕೌಂಟರಿನ ಮಹಾನುಭಾವರು ಒಬ್ಬನೇ ರೋಗಿಯನ್ನು ನಾಲ್ಕು ಸಲ ನೋಂದಾಯಿಸುತ್ತಾರೆ, ಪ್ರತಿ ಸಲವೂ ಹೆಸರಿನ ಕಾಗುಣಿತ ಬೇರೆ. ಹುಟ್ಟಿದ ದಿನ ಗೊತ್ತಿಲ್ಲದವರೆಲ್ಲ ಜನವರಿ ಒಂದರಂದೇ ಹುಟ್ಟಿರುತ್ತಾರೆ. ಟೇಬಲ್ ಎಂದು ಕರೆಯುವ ಎರಡು ಪಟ್ಟಿಗಳನ್ನು ಜೋಡಿಸುವಾಗ ನಾನು ಕೊಂಚ ಎಡವಿದರೂ ಗಂಡಸರಿಗೆ ಹೆರಿಗೆಯಾಗುತ್ತದೆ. ಅಂಥದೊಂದು ವರದಿ ನಿರ್ದೇಶಕರ ಕೈ ಸೇರುವ ಮೊದಲೇ ಅಕ್ಕ ಹಿಡಿದಿದ್ದಳು. "ಹೋಗ್ಲಿ ಬಿಡು, ತಾಯಿ ಮಗು ಆರಾಮಾಗಿದಾರಲ್ಲ," ಎಂದಿದ್ದಳು, ಮುಖದ ಮೇಲೆ ನಗುವಿನ ಸುಳಿವೂ ಇಲ್ಲದೆ.

ಏನೂ ತುಂಬದೆ ಬಿಟ್ಟ ಜಾಗಕ್ಕೆ ಡೇಟಾಬೇಸಿನಲ್ಲಿ ನಲ್ ಎನ್ನುತ್ತಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು, "ಅಕ್ಕ, ಈ ಕಾಲಂ ತುಂಬ ಬರೀ ನಲ್ಲರೇ ಇದಾರಲ್ಲ," ಎಂದು ರೇಗಿಸಿದ್ದೆ.

"ನಿನ್ನ ನಲ್ಲನ ಥರಾನೇ. ಇದಾನೋ ಇಲ್ವೋ, ಯಾರಿಗೂ ಗೊತ್ತಿಲ್ಲ," ಎಂದಳು. ಆಮೇಲೆ ಪಾಠ ಹೇಳಿದಳು. ನಲ್ ಎಂದರೆ ಸೊನ್ನೆಯಲ್ಲ, ಇಲ್ಲ ಎಂದೂ ಅಲ್ಲ, ಗೊತ್ತಿಲ್ಲ ಎಂದು. ಸತ್ತ ತಾರೀಖಿನ ಕಾಲಂನಲ್ಲಿ ನಲ್ ಇರುವತನಕ ನಮ್ಮ ಆಸ್ಪತ್ರೆಯ ಲೆಕ್ಕಕ್ಕೆ ಆ ಮನುಷ್ಯ ಬದುಕಿದ್ದಾನೆ.

ಅಕ್ಕನ ಅಣ್ಣ ತೀರಿಕೊಂಡಾಗ ಆದದ್ದೂ ಅದೇ. ಅವನ ಹೃದಯಕ್ಕೆ ಚಿಕಿತ್ಸೆ ನಡೆಯುತ್ತಿದ್ದದ್ದು ನಮ್ಮಲ್ಲೇ. ಆದರೆ ಪ್ರಾಣ ಹೋದದ್ದು ಮನೆಯಲ್ಲಿ, ನಿದ್ದೆಯಲ್ಲಿ. ಆಸ್ಪತ್ರೆಗೆ ಯಾರೂ ತಿಳಿಸಲಿಲ್ಲ. ಅಕ್ಕ ಬೇಗನೇ ಕೆಲಸಕ್ಕೆ ಮರಳಿದಳು. ಮಾತಾಡಿಸಿದರೆ ಮಾತಾಡುತ್ತಿದ್ದಳು, ಊಟದ ಡಬ್ಬಿ ತೆರೆದು ಹಾಗೇ ಮುಚ್ಚುತ್ತಿದ್ದಳು. ಅತ್ತದ್ದನ್ನು ನಾನು ನೋಡಲಿಲ್ಲ. ಒಮ್ಮೆ ಅವಳಾಗಿಯೇ ಹೇಳಿದಳು: "ಏನೂ ಅನ್ನಿಸ್ತಿಲ್ಲ ಕಣೆ. ಹಲ್ಲು ಕೀಳೋಕೆ ಮುಂಚೆ ಮರಗಟ್ಟಿಸ್ತಾರಲ್ಲ, ಹಾಗಿದೆ."

ಅಣ್ಣನ ದಾಖಲೆಯಲ್ಲಿದ್ದದ್ದು ಅತ್ತಿಗೆಯ ನಂಬರು. ಪ್ರತಿ ತಿಂಗಳೂ ಅವರ ಫೋನಿಗೆ ನಮ್ಮ ಆಸ್ಪತ್ರೆಯಿಂದ ಮೆಸೇಜ್ ಹೋಗುತ್ತಿತ್ತು: ನಿಮ್ಮ ಹೃದಯ ತಪಾಸಣೆಗೆ ಸಮಯವಾಗಿದೆ, ದಯವಿಟ್ಟು ಬನ್ನಿ. ಬದುಕಿರುವವರನ್ನೆಲ್ಲ ಹುಡುಕಿ ಹೀಗೆ ಕರೆಯುವ ಪ್ರೋಗ್ರಾಂ ಬರೆದವಳು ಅಕ್ಕನೇ. ಎರಡೂ ಕೈಗಳಿಗೆ ಸದಾ ಕೆಲಸವಿರುವುದರಿಂದ ಅವಳು ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಡುತ್ತಾಳೆ. ಹಾಗಾಗಿ ಅತ್ತಿಗೆಯ ದನಿ ನನಗೂ ಕೇಳುತ್ತಿತ್ತು.

"ಅಲ್ಲಿರೋದು ನೀನೇ ಅಲ್ವಾ? ಅದನ್ನ ನಿಲ್ಸಮ್ಮ. ಫೋನ್ ಟಿಣ್ ಅಂದ್ರೆ ನಂಗೆ ಕೈಕಾಲೇ ಆಡಲ್ಲ."

"ಇವತ್ತೇ ನಿಲ್ಲಿಸ್ತೀನಿ ಅತ್ತಿಗೆ."

ನಿಲ್ಲಿಸುತ್ತಿರಲಿಲ್ಲ. ಮುಖ ಕಾಣದ ಎಷ್ಟೋ ಜನರ ಸತ್ತ ತಾರೀಖನ್ನು ಕಾಫಿ ಹೀರುತ್ತಲೇ ತುಂಬುವವಳಿಗೆ ಈ ಒಂದು ತಾರೀಖು ಹಾಕಲು ಕೈ ಬರುತ್ತಿರಲಿಲ್ಲ. ಮತ್ತೆ ಮೆಸೇಜ್ ಹೋಗಿ, ಅತ್ತಿಗೆ ಬಿಕ್ಕಿ ಬಿಕ್ಕಿ ಅತ್ತ ದಿನ ನನಗೆ ತಡೆಯಲಾಗದ ಸಿಟ್ಟು ಬಂತು.

"ನೀನು ಮಾಡ್ತೀಯೋ, ನಾನೇ ಮಾಡ್ಲೋ?"

"ನಾನೇ ಮಾಡ್ತೀನಿ," ಎಂದಳು.

ಮೂರು ಸಾಲಿನ ಕೆಲಸ. ಯಾವ ಟೇಬಲ್ ಎಂದು ಮೊದಲ ಸಾಲು, ಯಾವ ತಾರೀಖು ಹಾಕಬೇಕೆಂದು ಎರಡನೆಯದು, ಯಾರಿಗೆ ಎಂದು ಮೂರನೆಯದು. ಬರೆದದ್ದರಲ್ಲಿ ಮೌಸಿನಿಂದ ಎಳೆದು ಗುರುತು ಹಾಕಿದಷ್ಟು ಮಾತ್ರ ನಡೆಯುತ್ತದೆ. ಅಕ್ಕ ಎರಡು ಸಾಲು ಎಳೆದು ಗುಂಡಿ ಒತ್ತಿಬಿಟ್ಟಳು. ಯಾರಿಗೆ ಎನ್ನುವ ಸಾಲು ಹೊರಗೇ ಉಳಿಯಿತು. ಬದಲಾದ ದಾಖಲೆಗಳು ಎರಡು ಲಕ್ಷ ಚಿಲ್ಲರೆ ಎಂದು ಪರದೆ ಹೇಳಿತು. ಆಸ್ಪತ್ರೆಯ ಅಷ್ಟೂ ರೋಗಿಗಳು ಅವಳ ಅಣ್ಣ ಹೋದ ದಿನವೇ ಹೋಗಿದ್ದರು.

ಪುಣ್ಯಕ್ಕೆ ಅಕ್ಕನಿಗೊಂದು ಶಿಸ್ತಿದೆ. ಏನನ್ನು ಬದಲಿಸಿದರೂ ಕೊನೆಯಲ್ಲಿ ಕಮಿಟ್ ಎಂದು ಬರೆಯುವತನಕ ಅದು ಖಾಯಂ ಆಗದ ಹಾಗೆ ಮೊದಲೇ ಕಟ್ಟಿಟ್ಟಿರುತ್ತಾಳೆ. ರೋಲ್‌ಬ್ಯಾಕ್ ಎಂದರೆ ಎಲ್ಲ ಹಿಂದಿದ್ದಂತೆ. ಆದರೆ ಎರಡರಲ್ಲಿ ಒಂದನ್ನು ಹೇಳುವವರೆಗೆ ಆ ಟೇಬಲ್‌ನಲ್ಲಿ ಬೇರೆ ಯಾರೂ ಏನೂ ಬರೆಯುವಂತಿಲ್ಲ. ಇಂಟರ್‌ಕಾಂ ಹೊಡೆದುಕೊಳ್ಳತೊಡಗಿತು. "ಕಂಪ್ಯೂಟರ್ ನಿಂತೋಗಿದೆ, ಜನ ಬಾಗಿಲವರೆಗೂ ನಿಂತಿದಾರೆ, ಏನ್ಮಾಡ್ತಿದೀರಾ ಅಲ್ಲಿ?" ಎಂದು ಕೌಂಟರಿನವನು ಬೈದ.

"ಅಕ್ಕ, ರೋಲ್‌ಬ್ಯಾಕ್ ಹೊಡಿ," ಎಂದೆ.

ಅವಳು ಕೈಗಳನ್ನು ಮಡಿಲಲ್ಲಿಟ್ಟು ಪರದೆ ನೋಡುತ್ತಿದ್ದಳು. "ಹೊಡೆದ್ರೆ ಎಲ್ರೂ ವಾಪಸ್ ಬರ್ತಾರೆ."

"ಬರ್ಲಿ ಅಂತಾನೇ ತಾನೇ ಹೊಡೆಯೋದು?"

"ಅಣ್ಣನೂ ಬರ್ತಾನೆ. ಆಮೇಲೆ ಇನ್ನೊಂದ್ಸಲ ನಾನೇ ಕಳಿಸ್ಬೇಕು."

ಇಂಟರ್‌ಕಾಂ ಹೊಡೆದುಕೊಳ್ಳುತ್ತಲೇ ಇತ್ತು. ಅಕ್ಕ ರೋಲ್‌ಬ್ಯಾಕ್ ಎಂದು ಬರೆದು ಒತ್ತಿದಳು. ಸ್ವಲ್ಪ ಹೊತ್ತಿಗೆ ಇಂಟರ್‌ಕಾಂ ತಣ್ಣಗಾಯಿತು. ಕೌಂಟರಿನಲ್ಲಿ ಜನ ಮುಂದೆ ಸರಿಯತೊಡಗಿರಬೇಕು.

"ಸರಿ, ಎದ್ದೇಳು, ಈ ಸಲ ನಾನು ಕೂರ್ತೀನಿ," ಎಂದು ಮೌಸಿಗೆ ಕೈ ಹಾಕಿದೆ. ಅವಳು ನನ್ನ ಕೈ ಸರಿಸಿದಳು. ಈ ಸಲ ಮೂರೂ ಸಾಲುಗಳನ್ನು ನಿಧಾನವಾಗಿ ಎಳೆದಳು. ಒಂದು ದಾಖಲೆ ಬದಲಾಗಿದೆ ಎಂದು ಬಂತು. ರೋಗಿಯ ನಂಬರನ್ನು ನನ್ನಿಂದ ಓದಿಸಿ ತಾಳೆ ನೋಡಿ, ಕಮಿಟ್ ಒತ್ತಿದಳು. ಅವಳ ಮುಖದಲ್ಲಿ ಏನೂ ಇರಲಿಲ್ಲ.

ಆಮೇಲೆ ಅತ್ತಿಗೆಗೆ ಫೋನ್ ಹಚ್ಚಿ, ಎಂದಿನಂತೆ ಮೇಜಿನ ಮೇಲಿಟ್ಟಳು.

"ಅತ್ತಿಗೆ, ಆಯ್ತು. ಇನ್ಮೇಲೆ ಬರಲ್ಲ."

ಫೋನ್ ಕಟ್ಟಾಯಿತೇನೋ ಎಂದು ನಾನು ಬಗ್ಗಿ ನೋಡಿದೆ.

"ಗೊತ್ತಮ್ಮ," ಎಂದರು ಅತ್ತಿಗೆ, ಸಣ್ಣ ದನಿಯಲ್ಲಿ. "ನಂಗೆ ಗೊತ್ತು, ಬರಲ್ಲ."

"ಮೆಸೇಜು ಅತ್ತಿಗೆ," ಎಂದಳು ಅಕ್ಕ. "ನಾನು ಹೇಳಿದ್ದು ಮೆಸೇಜು." ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ಅಳು ಬಂದುಬಿಟ್ಟಿತು.