ಬಾಟಲಿಯಲ್ಲಿ ತಂದ ಸಮುದ್ರ

ಐವತ್ತರ ದಶಕದ ಕೊನೆಯಲ್ಲಿ ಹೈಸ್ಕೂಲು ಮುಗಿಸಿ ಸಿಂದಗಿ ಕಡೆಯ ಹಳ್ಳಿಯೊಂದರ ಶಾಲೆಗೆ ಮಾಸ್ತರನಾಗಿ ಸೇರಿದೆ. ಭೂಗೋಳದ ಪಾಠದಲ್ಲಿ ಕಾರವಾರ, ಹೊನ್ನಾವರ, ಭಟ್ಕಳ ಎಂದು ನಕಾಶೆಯ ಮೇಲೆ ಕಡ್ಡಿ ಇಡುತ್ತಿದ್ದೆ. ಹಿಂದೆ ಅರಬರ ಕುದುರೆಗಳು ಹಡಗಿನಲ್ಲಿ ಬಂದು ಭಟ್ಕಳದಲ್ಲಿ ಇಳಿಯುತ್ತಿದ್ದವೆಂದು ಹೇಳುತ್ತಿದ್ದೆ. ಸಮುದ್ರವನ್ನು ಮಾತ್ರ ನಾನೇ ನೋಡಿರಲಿಲ್ಲ. ಒಂದು ಬೇಸಿಗೆ ರಜೆಯಲ್ಲಿ, ಅದರ ನೀರು ತಂದು ತೋರಿಸುತ್ತೇನೆಂದು ಮಕ್ಕಳಿಗೆ ಮಾತು ಕೊಟ್ಟು ಹೊರಟೆ.

ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರುವುದನ್ನೂ ಆಚೆ ದಂಡೆಯ ಗುಡ್ಡದ ಮೇಲಿನ ಹಳೆಯ ಕೋಟೆಯನ್ನೂ ನೋಡಿದೆ. ಔಷಧದ ಬಾಟಲಿಯಲ್ಲಿ ನೀರು ತುಂಬಿ ಬೂಚು ಒತ್ತಿದೆ. ಘಟ್ಟ ಹತ್ತುವಾಗ ಬಸ್ಸು ಹೊಯ್ದಾಡಿ ಬೂಚು ಕಿತ್ತುಬಂದು, ಸಮುದ್ರವೆಲ್ಲ ನನ್ನ ಧೋತರಕ್ಕೆ ಹೋಯಿತು.

ಬರಿಗೈಲಿ ಹೋಗಲು ನಾಚಿಕೆ. ಮನಗೂಳಿ ದಾಟಿದ ಮೇಲೆ ಡೋಣಿ ಹೊಳೆಯ ದಂಡೆಯಲ್ಲಿ, ಖಾಲಿ ಬಸ್ಸನ್ನು ಹೊಳೆ ದಾಟಿಸಲೆಂದು, ಬಸ್ಸಿನವನು ಎಲ್ಲರನ್ನೂ ಇಳಿಸಿದ. ಬೇಸಿಗೆಯಲ್ಲಿ ಡೋಣಿಯ ನೀರು ಬಾಯಿಗಿಡಲಾಗದಷ್ಟು ಉಪ್ಪು. ಬಾಟಲಿ ತುಂಬಿಕೊಂಡೆ.

ಶಾಲೆ ತೆರೆದ ದಿನ ಮಕ್ಕಳ ಅಂಗೈಗೆ ಒಂದೊಂದು ಹನಿ ಹಾಕಿದೆ. ನೆಕ್ಕಿ ಮುಖ ಕಿವುಚಿದರು. ಅಜ್ಜಿಯ ಮನೆಯಲ್ಲಿದ್ದು ಓದುತ್ತಿದ್ದ, ಡೋಣಿ ದಂಡೆಯ ಊರಿನ ಹುಡುಗಿಯೊಬ್ಬಳು ಇನ್ನೊಂದು ಹನಿ ಕೇಳಿದಳು.

“ಮಾಸ್ತರ್ರ, ಇದು ನಮ್ಮ ಡೋಣಿ ನೀರ್ರಿ.”

“ಕಾರವಾರಕ್ಕ ನಾ ಹೋಗಿದ್ನೋ, ನೀ ಹೋಗಿದ್ಯೋ?”

“ನಾ ಹೋಗಿಲ್ರಿ. ಆದ್ರ ನೀರು ಡೋಣೀದ ಐತ್ರಿ.”

ಮಕ್ಕಳು ನಕ್ಕರು. ಸುಳ್ಳಿ ಎಂದು ಬೈದು ಅವಳನ್ನು ಬಾಗಿಲ ಹೊರಗೆ ನಿಲ್ಲಿಸಿದೆ. ಸಂಜೆಯವರೆಗೂ ನಿಂತಳು, ತಪ್ಪಾಯಿತು ಎನ್ನಲಿಲ್ಲ. ಮಕ್ಕಳು ಅವಳನ್ನು ‘ಸುಳ್ಳಿ’ ಎಂದೇ ಕೂಗತೊಡಗಿದರು. ತಿಂಗಳೊಳಗೆ ಶಾಲೆ ಬಿಟ್ಟಳು. ಅವಳನ್ನು ಉಳಿಸಲು ನನ್ನ ಒಂದು ಮಾತು ಸಾಕಿತ್ತು. ಆಡಲಿಲ್ಲ.

ಹೋದ ವರ್ಷ ಮತ್ತೆ ಕಾರವಾರಕ್ಕೆ ಹೋದೆ. ಈ ವಯಸ್ಸಿನಲ್ಲಿ ಬೇಡವೆಂದು ಮನೆಯವರು ಹೇಳಿದರೂ ಕೇಳಲಿಲ್ಲ. ಸಮುದ್ರದ ನೀರು ತುಂಬಿದ ಬಾಟಲಿಯನ್ನು ದಾರಿಯುದ್ದಕ್ಕೂ ಕೈಯಲ್ಲೇ ಹಿಡಿದು ಬಂದು, ವಿಚಾರಿಸುತ್ತ ಮಸೂತಿ ಎಂಬ ಊರಿನಲ್ಲಿ ಆ ಹುಡುಗಿಯ ಗಂಡನ ಮನೆ ಮುಟ್ಟಿದೆ. ಅವಳ ಮೊಮ್ಮಕ್ಕಳ ಎದುರಿಗೇ ನಡೆದದ್ದನ್ನೆಲ್ಲ ಹೇಳಿದೆ. ಅವಳು ಅಂಗೈ ಒಡ್ಡಿದಳು. ಹನಿ ನೆಕ್ಕಿದಳು.

“ಇದು ಡೋಣೀದಲ್ರಿ,” ಎಂದಳು. “ಆದ್ರ ಅವತ್ತ ಸಾಲ್ಯಾಗ ನಕ್ಕವರು ಭಾಳ ಮಂದಿ ಇದ್ರಲ್ರಿ, ಮಾಸ್ತರ್ರ. ಅವ್ರಿಗೆ ಹೇಳೀರೇನ್ರಿ?”

ಹೇಳಿರಲಿಲ್ಲ. ಅವರಲ್ಲಿ ನನಗೆ ಗೊತ್ತಿದ್ದವರ ಊರುಗಳನ್ನು, ಇಂಡಿ, ಮುದ್ದೇಬಿಹಾಳ, ಕನ್ನೊಳ್ಳಿ ಎಂದು, ಅವಳ ಮನೆಯ ಕಟ್ಟೆಯ ಮೇಲೆ ಕೂತೇ ಬರೆದುಕೊಂಡೆ. ಕನ್ನೊಳ್ಳಿಗೆ ಹೋಗಿ ಬಂದಿದ್ದೇನೆ. ಬಾಟಲಿಯಲ್ಲಿ ಇನ್ನೂ ಅರ್ಧ ನೀರಿದೆ.