ಬ್ಯಾರನ್ನಿನೊಳಗಿನ ಗ್ಯಾಸ್ ಒಲೆ

ರಾವಂದೂರಿನಿಂದ ಒಳಗೆ, ನಮ್ಮ ಹೊಲದ ಅಂಚಿನಲ್ಲಿ, ಹೊಗೆಸೊಪ್ಪು ಬೇಯಿಸುತ್ತಿದ್ದ ಹಳೆಯ ಬ್ಯಾರನ್, ಅಂದರೆ ಕಿಟಕಿಯಿಲ್ಲದ ಎತ್ತರದ ಕೋಣೆ, ಒಂದಿದೆ. ಮಾವನವರು ತೀರಿಕೊಂಡ ಮೇಲೆ ನಾವು ಹೊಗೆಸೊಪ್ಪು ಬಿಟ್ಟು ಶುಂಠಿ ಹಾಕಿದೆವು, ಬ್ಯಾರನ್ ಖಾಲಿ ಬಿತ್ತು. ನಾನು ಅದರೊಳಗೆ ಶುಂಠಿ ಪಾನೀಯ ಮಾಡಲು ಶುರುಮಾಡಿದೆ. ಜಜ್ಜಿದ ಶುಂಠಿಯನ್ನು ಬೆಲ್ಲದ ನೀರಿನಲ್ಲಿ ಕುದಿಸಿ, ಆರಿಸಿ, ಹಿಂದಿನ ಸಲದ ಹುಳಿಯನ್ನು ಹೆಪ್ಪಿನಂತೆ ಬೆರೆಸಿ ಭರಣಿಯಲ್ಲಿ ಎರಡು ದಿನ ಇಟ್ಟರೆ ತಾನಾಗಿ ನೊರೆ ಏಳುತ್ತದೆ. ಬಾಟಲಿ ತೆರೆದಾಗ ಸೋಡಾದಂತೆ ಬುಸ್ ಎನ್ನುತ್ತದೆ. ಕುಶಾಲನಗರದ ಕಡೆಯ ಕೊಡವ ಹೆಂಗಸೊಬ್ಬರು ನನಗೆ ಇದನ್ನು ಕಲಿಸಿಕೊಟ್ಟಿದ್ದರು.

ಮನೆಯಲ್ಲಿ ನಾನು, ನನ್ನ ಅತ್ತೆ, ಇಬ್ಬರೇ ಇರುವ ದಿನಗಳೇ ಹೆಚ್ಚು. ನನ್ನ ಗಂಡ ಶುಂಠಿ ತುಂಬಿದ ಲಾರಿ ಓಡಿಸಿಕೊಂಡು ಕೇರಳದ ಕಡೆ ಹೋದರೆ ಮೂರು ನಾಲ್ಕು ದಿನ ಬರುವುದಿಲ್ಲ. ಆ ಹೊತ್ತಿಗೆ ನನಗೆ ಒಂದು ಕಷ್ಟ ಅಂಟಿಕೊಂಡಿತ್ತು. ಎರಡು ವರ್ಷದ ಹಿಂದೆ ಬಂದ ಜ್ವರ ಹೋಗುವಾಗ ನನ್ನ ಮೂಗಿನ ಶಕ್ತಿಯನ್ನೂ ತೆಗೆದುಕೊಂಡು ಹೋಗಿತ್ತು. ಮಲ್ಲಿಗೆಯೂ ಒಂದೇ, ಸಗಣಿಯೂ ಒಂದೇ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ವಾಸನೆಯೇ ತಿಳಿಯದವಳು ಮಾಡಿದ್ದನ್ನು ಯಾರು ಕುಡಿಯುತ್ತಾರೆ? ಭರಣಿ ಹುಳಿತು ಸರಿಯಾಗಿದೆಯೋ ಕೆಟ್ಟಿದೆಯೋ ನೋಡಬೇಕಾದಾಗಲೆಲ್ಲ ಅತ್ತೆಯನ್ನು ಕರೆದು, ಒಂದ್ಸಲ ಮೂಸಿ ನೋಡಿ ಅತ್ತೆ ಎನ್ನುತ್ತಿದ್ದೆ. ಅವರು ಸೆರಗು ಸರಿಮಾಡಿಕೊಂಡು, ಬಗ್ಗಿ ಮೂಸಿ, ತೀರ್ಪು ಹೇಳುತ್ತಿದ್ದರು. ಒಂದು ದಿನವೂ ತಪ್ಪಿದ್ದಿಲ್ಲ.

ಆ ಸಲ ಭೇರ್ಯದ ಒಂದು ಮನೆಯವರು ನಿಶ್ಚಿತಾರ್ಥಕ್ಕೆ ನೂರು ಬಾಟಲಿ ಕೇಳಿದ್ದರು. ನಾಲ್ಕನೇ ದಿನಕ್ಕೆ ಕೊಡಬೇಕು. ಮೊದಲ ದಿನವೇ ಮಧ್ಯಾಹ್ನದೊಳಗೆ ಕುದಿಸಿ ಮುಗಿಸದಿದ್ದರೆ ನೊರೆ ಏಳಲು ಸಮಯ ಸಾಲುತ್ತಿರಲಿಲ್ಲ.

ಬೆಳಿಗ್ಗೆ ಒಲೆ ಹಚ್ಚಿದಾಗಲೇ ಉರಿ ಸರಿಯಿರಲಿಲ್ಲ. ಅದು ಅಡುಗೆ ಭಟ್ಟರು ಮದುವೆ ಮನೆಗೆ ತರುವಂಥ ಮೂರು ಕಾಲಿನ ಎರಕದ ಒಲೆ. ಸರಿಯಿದ್ದಾಗ ನೀಲಿ ಉರಿ ಭೋರೆಂದು ಬರುತ್ತದೆ. ಅಂದು ಹಳದಿಯಾಗಿ, ಜೋಲಾಡುತ್ತ, ಪಾತ್ರೆಯ ತಳಕ್ಕೆ ಮಸಿ ಹಿಡಿಸುತ್ತಿತ್ತು. ಸಿಲಿಂಡರ್ ಮುಗಿಯಿತೇನೋ ಎಂದು ಹೊಸದನ್ನು ಜೋಡಿಸಿದೆ. ಬದಲಾಗಲಿಲ್ಲ. ಒಲೆ ಆರಿಸಿ, ಗ್ಯಾಸ್ ಹೊರಬರುವ ಸಣ್ಣ ತೂತಿಗೆ ಪಿನ್ ಹಾಕಿ ತೆಗೆದೆ. ಆಗಲೂ ಹಳದಿಯೇ. ಗಾಳಿ ಸೇರುವ ಬಿಲ್ಲೆಯನ್ನು ಪೂರ್ತಿ ತೆರೆದೆ. ಆಗ ಒಲೆ ಟಪ್ ಎಂದು ಸದ್ದು ಮಾಡಿತು. ಮೇಲಿನ ಉರಿ ಮಾಯವಾಗಿ, ಕೆಳಗಿನ ಕೊಳವೆಯೊಳಗೆ ಬೆಂಕಿ ಉರಿಯತೊಡಗಿತು. ಅಲ್ಲೇ ಹತ್ತಿರದಲ್ಲಿ ರಬ್ಬರ್ ಪೈಪು. ನಾನು ಗಾಬರಿಯಾಗಿ ಒಲೆಯ ತಿರುಪು ತಿರುಗಿಸಿ ಆರಿಸಿದೆ. ಸಿಲಿಂಡರಿನ ಮೇಲಿನ ವಾಲ್ವ್ ಮುಚ್ಚಲಿಲ್ಲ. ನಾನು ಮಾಡಿದ ತಪ್ಪು ಅದೇ.

ಸ್ವಲ್ಪ ಹೊತ್ತು ಬಿಟ್ಟು, ಪಾತ್ರೆ ಇಳಿಸಿ, ಒಲೆಯನ್ನು ಮಗ್ಗುಲಿಗೆ ಮಲಗಿಸಿದೆ. ಕೊಳವೆಯೊಳಗೆ ತಂತಿ ತೂರಿಸಿ ಕೆದಕಿದರೆ ಒಣಮಣ್ಣಿನ ಹೆಂಟೆಗಳು ಉದುರಿದವು. ಕುಂಬಾರ ಹುಳ ಗೂಡು ಕಟ್ಟಿತ್ತು. ಹದಿನೈದು ದಿನ ಒಲೆ ಹಚ್ಚದೆ ಇಟ್ಟಿದ್ದಕ್ಕೆ ಅದಕ್ಕೊಂದು ಮನೆಯಾಗಿತ್ತು. ಕಾರಣ ಸಿಕ್ಕಿತಲ್ಲ ಎಂದು ನನಗೆ ಎಷ್ಟು ಖುಷಿಯಾಯಿತೆಂದರೆ, ಒಂದು ಹೆಂಟೆಯನ್ನೂ ಬಿಡದಂತೆ ಕೂತು ತೆಗೆದೆ. ಪಕ್ಕದ ಹೊಲದಲ್ಲಿ ಟ್ರ್ಯಾಕ್ಟರ್ ಉಳುತ್ತಿತ್ತು. ಅದರ ಸದ್ದಿನಲ್ಲಿ ಸಣ್ಣಪುಟ್ಟ ಸದ್ದು ಕೇಳುತ್ತಿರಲಿಲ್ಲ. ಒಲೆ ಮಲಗಿಸಿದಾಗ, ಕಾದು ಮೆತ್ತಗಾಗಿದ್ದ ಪೈಪು ಕ್ಲಿಪ್ಪಿನ ಹತ್ತಿರ ಸೀಳಿತ್ತು. ಅದು ನನಗೆ ಕಾಣಲಿಲ್ಲ.

ಒಲೆಯನ್ನು ನಿಲ್ಲಿಸಿ ಲೈಟರ್ ಕೈಗೆತ್ತಿಕೊಂಡೆ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಅದುವರೆಗೆ ಅವರು ಹೊರಗೆ, ಬಾಗಿಲಿಂದ ಹತ್ತು ಹೆಜ್ಜೆ ದೂರದಲ್ಲಿ, ಮೂರು ಕಲ್ಲಿನ ಸೌದೆ ಒಲೆಯಲ್ಲಿ ಹಸುವಿಗೆ ಹುರುಳಿ ಬೇಯಿಸುತ್ತಿದ್ದರು.

“ಹಚ್ಚಬ್ಯಾಡ ಕಣವ್ವ,” ಅಂದರು. ದನಿ ಏರಿಸಲಿಲ್ಲ. “ಒಳಗೆಲ್ಲ ಗ್ಯಾಸು ತುಂಬ್ಕಂಡದೆ. ನಿಂಗೆ ವಾಸ್ನೆ ಬರ್ನಿಲ್ವಾ?”

ನನ್ನ ಹೆಬ್ಬೆಟ್ಟು ಲೈಟರಿನ ಮೇಲಿತ್ತು. ಅದನ್ನು ಅಲ್ಲಿಂದ ಎತ್ತಲು ಸಹ ಭಯವಾಯಿತು. ಬ್ಯಾರನ್ನಿಗೆ ಕಿಟಕಿಗಳಿಲ್ಲ. ಗೋಡೆಯ ಬುಡದಲ್ಲಿದ್ದ ಗಾಳಿಗಂಡಿಗಳನ್ನು ಇಲಿ ಬರುತ್ತವೆಂದು ನಾನೇ ಇಟ್ಟಿಗೆಯಿಂದ ಮುಚ್ಚಿಸಿದ್ದೆ. ಗ್ಯಾಸ್ ಭಾರ, ನೆಲದ ಮೇಲೇ ಹರಿಯುತ್ತದೆ. ಹರಿದು ಹೋಗಲು ಅದಕ್ಕಿದ್ದ ದಾರಿ ಒಂದೇ, ಆ ಬಾಗಿಲು. ಬಾಗಿಲಾಚೆ ಸೌದೆಯ ಬೆಂಕಿ.

ಅತ್ತೆ ಫ್ಯಾನ್ ಹಾಕಲು ಬಾಗಿಲ ಪಕ್ಕದ ಸ್ವಿಚ್ಚಿಗೆ ಕೈ ಚಾಚಿದರು. ಅಷ್ಟರಲ್ಲಿ ನನಗೆ ಮಾತು ಬಂತು.

“ಅದ ಮುಟ್ಬ್ಯಾಡಿ ಅತ್ತೆ. ಕಿಡಿ ಬತ್ತದೆ. ಹೋಗಿ ಒಲೆಗೆ ನೀರು ಸುರೀರಿ.”

ಅವರು ಒಂದು ಮಾತೂ ಕೇಳದೆ ತಿರುಗಿದರು. ಮಂಡಿನೋವಿನಿಂದ ಕುಂಟುತ್ತಿದ್ದವರು ಆ ಹತ್ತು ಹೆಜ್ಜೆಯನ್ನು ಹೇಗೆ ಓಡಿದರೋ ಗೊತ್ತಿಲ್ಲ. ನಾನು ಲೈಟರನ್ನು ಮೆಲ್ಲಗೆ ಮಣೆಯ ಮೇಲಿಟ್ಟೆ. ಸಿಲಿಂಡರ್ ಬ್ಯಾರನ್ನಿನ ಒಳ ಮೂಲೆಯಲ್ಲಿತ್ತು. ಬಾಗಿಲಿನತ್ತ ಓಡಬೇಕೆಂದು ಕಾಲು ಹೇಳುತ್ತಿತ್ತು. ಆದರೆ ಓಡಿದರೆ ಗ್ಯಾಸ್ ನಿಲ್ಲುವುದಿಲ್ಲವಲ್ಲ. ಕಾಲುಂಗುರ ಸಿಮೆಂಟಿಗೆ ತಾಗಿ ಕಿಡಿ ಎದ್ದೀತೆಂಬ ಹುಚ್ಚು ಹೆದರಿಕೆಯಲ್ಲಿ ಪಾದ ಎತ್ತಿ ಎತ್ತಿ ಇಡುತ್ತ ಆ ಮೂಲೆಗೆ ಹೋದೆ. ವಾಲ್ವ್ ತಿರುಗಿಸುವಾಗ ಕೈ ಬೆವರಿ ಜಾರುತ್ತಿತ್ತು. ಸೆರಗು ಸುತ್ತಿಕೊಂಡು ತಿರುಗಿಸಿದೆ. ಹೊರಗೆ ಬೆಂಕಿಯ ಮೇಲೆ ನೀರು ಬಿದ್ದು ಚುಯ್ ಎಂದ ಸದ್ದು, ಮತ್ತೊಂದು ಕೊಡ, ಮತ್ತೆ ಸದ್ದು.

ನಾನು ಹೊರಗೆ ಬಂದಾಗ ಹುರುಳಿ ಪಾತ್ರೆ ಉರುಳಿತ್ತು. ಅತ್ತೆ ಖಾಲಿ ಕೊಡ ಹಿಡಿದುಕೊಂಡು ಬೂದಿಯಲ್ಲಿ ಕೆಂಡ ಉಳಿದಿದೆಯೇ ಎಂದು ನೋಡುತ್ತಿದ್ದರು. ಇಬ್ಬರೂ ಬದುವಿನ ಮೇಲಿನ ಹೊಂಗೆ ಮರದವರೆಗೆ ನಡೆದು ಕೂತೆವು. ಆಮೇಲೆ ನಾನೇ ಹೇಳಿದೆ, ಜ್ವರ ಬಂದಾಗಿನಿಂದ ಮೂಗಿಗೆ ಏನೂ ತಿಳಿಯುವುದಿಲ್ಲವೆಂದು.

ಅವರು ಪಾಪ ಎನ್ನುತ್ತಾರೆ ಎಂದುಕೊಂಡಿದ್ದೆ. ಆದರೆ ಅವರ ಮುಖ ಬಿಗಿದುಕೊಂಡಿತು.

“ದೊಡ್ಡೋಳು ಅಂತ ನನ್ನ ಕೇಳ್ತಾವ್ಳೆ ಅನ್ಕಂಡಿದ್ದೆ ಕಣ,” ಅಂದರು. “ಭರಣಿ ಮೂಸಿ ನೋಡಿ ಅತ್ತೆ, ಅಂತಿದ್ದಲ್ಲ. ಊರೋರಿಗೆಲ್ಲ ಹೇಳ್ಕಂಡಿದ್ದೆ.”

ಅವರು ಎದ್ದು ಮನೆಯ ಕಡೆ ಹೋದರು. ಆ ಮಧ್ಯಾಹ್ನ ಊಟಕ್ಕೂ ಕರೆಯಲಿಲ್ಲ.

ನಾನು ಬ್ಯಾರನ್ನಿನ ಗಾಳಿಗಂಡಿಗೆ ಹಾಕಿಸಿದ್ದ ಇಟ್ಟಿಗೆಗಳನ್ನು ಹೊರಗಿನಿಂದ ಹಾರೆಯಲ್ಲಿ ಮೀಟಿ ಕೆಡವಬೇಕೆಂದು ಹೊರಟವಳು, ಹಾರೆಯ ಕಬ್ಬಿಣ ತಾಗಿದರೂ ಕಿಡಿ ಏಳುತ್ತದೆಂದು ನೆನಪಾಗಿ ನಿಂತೆ. ಬಾಗಿಲು ತೆರೆದಿಟ್ಟು ಸಂಜೆಯವರೆಗೆ ಕಾದು, ಆಮೇಲೆ ಕೆಡವಿದೆ. ಕಾಯುವ ಹೊತ್ತಿನಲ್ಲೇ ಪಿರಿಯಾಪಟ್ಟಣಕ್ಕೆ ಹೋಗಿ ಹೊಸ ಪೈಪು, ಹೊಸ ಕ್ಲಿಪ್ಪು ತಂದೆ. ಒಲೆಯನ್ನು, ಸಿಲಿಂಡರನ್ನು ಹೊರಗಿನ ಬಯಲಿಗೆ ಎಳೆದು ಜೋಡಿಸಿ, ಸಂದು ಸಂದಿಗೂ ಸೋಪಿನ ನೊರೆ ಸವರಿ ಗುಳ್ಳೆ ಏಳುತ್ತದೆಯೇ ನೋಡಿದೆ. ರೆಗ್ಯುಲೇಟರ್ ಬಳಿ ಒಂದು ಗುಳ್ಳೆ ಎದ್ದಿತು. ಬಿಗಿಮಾಡಿ ಮತ್ತೆ ಸವರಿದೆ. ಏಳಲಿಲ್ಲ. ಆದರೂ ಹಚ್ಚುವ ಧೈರ್ಯ ಬರಲಿಲ್ಲ. ಕಣ್ಣಿಗೆ ಕಾಣದ್ದು ಇನ್ನೂ ಏನಾದರೂ ಇದ್ದರೆ?

ಮಾರನೆಯ ಬೆಳಿಗ್ಗೆ ಒಲೆಯ ಮುಂದೆ ಸುಮ್ಮನೆ ಕುಕ್ಕರಗಾಲಲ್ಲಿ ಕೂತಿದ್ದೆ. ಅತ್ತೆ ಬಂದರು. ನನ್ನ ಕಡೆ ನೋಡಲಿಲ್ಲ. ಸಿಲಿಂಡರಿನಿಂದ ಒಲೆಯವರೆಗೆ ಪೈಪಿನ ಉದ್ದಕ್ಕೂ ಬಗ್ಗಿ ಮೂಸುತ್ತ ಬಂದರು.

“ಈಗ ಹಚ್ಚು,” ಅಂದರು.

ಉರಿ ನೀಲಿಯಾಗಿ ಎದ್ದಿತು. ಒಂದು ದಿನ ತಡವಾಗಿದ್ದರಿಂದ ನೊರೆ ಸ್ವಲ್ಪ ಕಡಿಮೆಯೇ ಬಂತು. ಭೇರ್ಯದವರಿಗೆ ಅದನ್ನು ಮೊದಲೇ ಹೇಳಿ ಕೊಟ್ಟೆ, ಅವರು ಬೇಸರಪಟ್ಟುಕೊಳ್ಳಲಿಲ್ಲ. ಅತ್ತೆ ನನ್ನೊಡನೆ ಸರಿಯಾಗಿ ಮಾತಾಡಲು ವಾರವೇ ಬೇಕಾಯಿತು. ಅಷ್ಟರಲ್ಲಿ ಗಂಡ ಬಂದಿದ್ದರು. ಅವರು ಊಟಕ್ಕೆ ಕೂತಾಗ, ನಡೆದದ್ದನ್ನು ನೀನೇ ಹೇಳು ಎನ್ನುವಂತೆ ಅತ್ತೆ ನನ್ನನ್ನೊಮ್ಮೆ ನೋಡಿದರು, ಹೇಳಿದೆ. ಗಂಡ ತಟ್ಟೆಯ ಮುಂದಿನಿಂದ ಎದ್ದು ಹೋಗಿ, ಒಳಗೆ ಮತ್ತೆಂದೂ ಗ್ಯಾಸ್ ತುಂಬಿ ನಿಲ್ಲಬಾರದೆಂದು, ಕತ್ತಲಾಗುವವರೆಗೂ ಬ್ಯಾರನ್ನಿನ ಬಾಗಿಲನ್ನು ಕೀಲಿನಿಂದ ಕಳಚುತ್ತಿದ್ದರು.