ಜಗತ್ತಿನ ಪಟ್ಟಿಗೆ ನಲವತ್ತು ಸೀರೆ

೨೦೦೮ರಲ್ಲಿ ಇಳಕಲ್ಲಿನ ಹತ್ತಿರದ ಒಂದು ಕಾಲೇಜಿನಲ್ಲಿ ನಾನು ಹಂಗಾಮಿ ಕಂಪ್ಯೂಟರ್ ಆಪರೇಟರ್. ಜಗತ್ತಿನ ಐನೂರು ಶ್ರೇಷ್ಠ ವಿದ್ಯಾಸಂಸ್ಥೆಗಳ ಪಟ್ಟಿ ತೆಗೆದುಕೊಡು ಎಂದರು ಚೇರಮನ್ನರು. ತೆಗೆದೆ. ಅದರಲ್ಲಿ ನಮ್ಮ ಕಾಲೇಜು ಇರಲಿಲ್ಲ. ಒಂದು ಹಾಳೆ ಪ್ರಿಂಟರಿನೊಳಗೇ ಸಿಕ್ಕಿಕೊಂಡಿರಬೇಕೆಂದು ಅದನ್ನು ಬಿಚ್ಚಿ ಅರ್ಧ ದಿನ ಹುಡುಕಿದೆ. ನಾನು ಬಿ.ಎ. ಓದಿದ್ದು ಇದೇ ಕಾಲೇಜಿನಲ್ಲಿ. ಹಾಗಾಗಿ ತಪ್ಪು ಪೂರ್ತಿ ನನ್ನದಲ್ಲ.

ಚೇರಮನ್ನರು ನನ್ನಷ್ಟು ದಡ್ಡರಲ್ಲ. ಪಟ್ಟಿ ಸೇರಬೇಕಾದರೆ ಪರದೇಶದ ಪ್ರಾಧ್ಯಾಪಕರು ನಮ್ಮ ಬಗ್ಗೆ ಒಳ್ಳೆಯ ಅಭಿಪ್ರಾಯ ಬರೆಯಬೇಕೆಂದು ಹುಬ್ಬಳ್ಳಿಯ ಸಲಹೆಗಾರರೊಬ್ಬರು ಹೇಳಿದ್ದೇ ತಡ, ಅವರಿಗೆ ದಾರಿ ಹೊಳೆಯಿತು. ಬೀಗರು ಮುನಿಸಿಕೊಂಡರೆ ನಾವು ಏನು ಮಾಡುತ್ತೇವೆ? ಸೀರೆ ಹೊಚ್ಚಿ ಆಯೇರಿ ಮಾಡುತ್ತೇವೆ. ನಲವತ್ತು ಪ್ರಾಧ್ಯಾಪಕರಿಗೆ ನಲವತ್ತು ಇಳಕಲ್ ಸೀರೆ ಎಂದು ಠರಾವಾಯಿತು. ಅವರಲ್ಲಿ ಮೂವತ್ತಾರು ಜನ ಗಂಡಸರೆಂಬುದು ವಿಳಾಸ ಟೈಪು ಮಾಡುವಾಗಲೇ ನನಗೆ ಕಂಡಿತ್ತು. ನೌಕರಿ ಹಂಗಾಮಿ, ಸುಮ್ಮನಿದ್ದೆ.

ನೇಯಿಸುವ ಭಾರ ಸಾವಿತ್ರೆವ್ವನ ಮೇಲೆ ಬಿತ್ತು. ಕಾಲೇಜಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಹನ್ನೊಂದು ವರ್ಷದಿಂದ ಹುಡುಗಿಯರಿಗೆ ಕೈಮಗ್ಗ ಕಲಿಸುತ್ತಿದ್ದವಳು. ಸೀರೆಯ ಮೈಗೆ ಸೆರಗನ್ನು ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸಲು ಕಲಿಯುವುದಕ್ಕೇ ವರ್ಷ ಬೇಕು ಎನ್ನುತ್ತಿದ್ದಳು. ಒಂದು ಎಳೆ ತಪ್ಪಿದರೂ ಬಿಚ್ಚಿಸುತ್ತಿದ್ದಳು. ಒಮ್ಮೆ ನಾನೂ ಎರಡು ಕೊಂಡಿ ಹಾಕಿ ತೋರಿಸಿದೆ.

"ನೀ ಕಂಪ್ಯೂಟರ್ ಒತ್ತಪಾ," ಎಂದಳು, "ಅದು ಹರಿಯೂದಿಲ್ಲ."

ಆ ವರ್ಷ ಆಕೆಯ ಬಳಿ ಆರು ಹುಡುಗಿಯರಿದ್ದರು. ಕಲಿಯುವವರ ಕೈಯಲ್ಲಿ ಕೆಲಸ ತಡವಾಗುತ್ತದೆಂದು ಚೇರಮನ್ನರು ಅವರಿಗೆ ರಜೆ ಕೊಟ್ಟು, ಗುಡೂರಿನಿಂದ ನುರಿತ ನೇಕಾರರನ್ನು ತಂದು ಮಗ್ಗಕ್ಕೆ ಕೂರಿಸಿದರು. ಹುಡುಗಿಯರನ್ನು ಯಾವಾಗ ಕರೆಸುತ್ತೀರಿ ಎಂದು ಸಾವಿತ್ರೆವ್ವ ವಾರವಾರ ಆಫೀಸಿಗೆ ಬರುತ್ತಿದ್ದಳು. ಮುಂದಿನ ವಾರ ಎಂದು ನಾನು ವಾರವಾರ ಹೇಳುತ್ತಿದ್ದೆ. ಅಷ್ಟರಲ್ಲಿ ಇಬ್ಬರಿಗೆ ಮದುವೆ ಗೊತ್ತಾಯಿತು. ಎಲ್ಲರಿಗಿಂತ ಚುರುಕಾಗಿದ್ದ ಮುಮ್ತಾಜ ಗ್ರಾನೈಟ್ ಕಾರ್ಖಾನೆಗೆ ಹೋಗತೊಡಗಿದಳು.

ಕಡೆಗೆ ಸಲಹೆಗಾರರೇ ಶೆಡ್ಡು ನೋಡಲು ಬಂದರು. ಪಾರಂಪರಿಕ ಕಲೆಯ ವಿಭಾಗವಿದ್ದರೆ ಪಟ್ಟಿಗೆ ಸೇರಿಸಿರೆಂಬ ಅರ್ಜಿಗೆ ತೂಕ ಬರುತ್ತದಂತೆ. ಕೇಳಿದರೆ ಅರವತ್ತು ಹುಡುಗಿಯರು ಎನ್ನಬೇಕೆಂದು ಚೇರಮನ್ನರು ಸಾವಿತ್ರೆವ್ವನಿಗೆ ತಾಕೀತು ಮಾಡಿದ್ದರು. ಆ ಅರವತ್ತನ್ನು ನಾನು ಅರ್ಜಿಯಲ್ಲಿ ಆಗಲೇ ಟೈಪು ಮಾಡಿ, ಅಂದವಾಗಿ ಕಾಣಲೆಂದು ದಪ್ಪಕ್ಷರ ಕೊಟ್ಟಿದ್ದೆ. ಸಲಹೆಗಾರರು ಚೇರಮನ್ನರು ಸನ್ಮಾನಕ್ಕೆಂದು ತಮ್ಮ ಹೆಗಲಿಗೆ ಹೊಚ್ಚಿದ್ದ ಹೊಸ ಸೀರೆ ಜಾರದಂತೆ ಹಿಡಿದುಕೊಂಡು, ಒಟ್ಟು ಎಷ್ಟು ವಿದ್ಯಾರ್ಥಿನಿಯರು, ಎಲ್ಲಿದ್ದಾರೆ ಅವರೆಲ್ಲ ಎಂದು ಕೇಳಿದರು.

ಸಾವಿತ್ರೆವ್ವ ಮಗ್ಗದಿಂದ ಏಳಲಿಲ್ಲ.

"ಆರ ಮಂದಿ ಇದ್ರು ರೀ. ನಿಮಗ ಸೀರಿ ಹೊಚ್ಚಾಕಂತ ಅವರನ್ನ ಮನಿಗೆ ಕಳಿಸ್ಯಾರ. ಈಗ ಒಬ್ಬಾಕಿನೂ ಇಲ್ಲ."